ಗಾಡಿ ಮಾತು: ಕಾಯಿಲೋವರ್ ಹಾಕಿಸುವವರ ಪ್ರಶ್ನೆಗಳು

ಶಾಕ್ (ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಸೋರುವುದರ ಬಗ್ಗೆ ಹಿಂದೆ ಒಮ್ಮೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಯಿಲೋವರ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಯಾವುದನ್ನೂ ತೆಗೆದುಕೊಂಡಿಲ್ಲ. ಹೊಸಬರಿಗೆ ಎರಡೇ ಮಾತು ಹೇಳಿಬಿಡುತ್ತೇನೆ. ಕಾಯಿಲೋವರ್ ಅಂದರೆ ಸ್ಪ್ರಿಂಗೂ ಶಾಕೂ ಒಂದಾಗಿ ಬರುವ ಜೋಡಿ. ಶಾಕ್‌ನ ಮೈಮೇಲೆ ಥ್ರೆಡ್ ಇರುತ್ತದೆ, ಅದರಲ್ಲಿ ತಿರುಗುವ ಒಂದು ಕಾಲರ್ ಸ್ಪ್ರಿಂಗನ್ನು ಹೊತ್ತು ನಿಂತಿರುತ್ತದೆ. ಕಾಲರ್ ಇಳಿಸಿದರೆ ಗಾಡಿ ತಗ್ಗುತ್ತದೆ, ಏರಿಸಿದರೆ ಎತ್ತರವಾಗುತ್ತದೆ. ಕೆಲವು ಸೆಟ್‌ಗಳಲ್ಲಿ ಶಾಕ್ ಎಷ್ಟು ಬಿಗಿ ಇರಬೇಕು ಎನ್ನುವುದಕ್ಕೂ ಒಂದು ತಿರುಪು ಇರುತ್ತದೆ, ಅದು ತಿರುಗುವಾಗ ಕಟ್ ಕಟ್ ಅನ್ನುತ್ತದೆ. ಎಲ್ಲರೂ ಕ್ಲಿಕ್ ಅನ್ನುವುದು ಅದಕ್ಕೇ.

ಪ್ರಶ್ನೆ: ಸರ್, ನನ್ನದು 2018ರ ಪೋಲೊ ಜಿಟಿ ಟಿಎಸ್‌ಐ. 62 ಸಾವಿರ ಕಿಲೋಮೀಟರ್ ಓಡಿದೆ. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಸ್ನೇಹಿತರ ಜೊತೆ ಆಗುಂಬೆ ಇಲ್ಲವೇ ಚಾರ್ಮಾಡಿ. 40 ಮಿ.ಮೀ. ತಗ್ಗಿಸಬೇಕು ಅಂತ ಆಸೆ. ಗ್ಯಾರೇಜಿನವರು 32 ಕ್ಲಿಕ್‌ನ ಸೆಟ್ ತರಿಸಿಕೊಡುತ್ತೇವೆ ಅಂತಿದ್ದಾರೆ, ಎದುರಿನ ಸ್ಪ್ರಿಂಗ್ 6 ಕೆ.ಜಿ. ಅಂತೆ. ತಗೊಳ್ಳಬಹುದಾ?
(ಸುರತ್ಕಲ್‌ನಿಂದ ಒಬ್ಬ ಓದುಗ)

ಉತ್ತರ: ಈ ಸೆಟ್ ಬೇಡ ಮಾರಾಯ್ರೆ. ಕಾಯಿಲೋವರ್ ಹಾಕಿಸಿ, ಖಂಡಿತ ಹಾಕಿಸಿ. ಜಿಟಿಯಂಥ ಗಾಡಿಗೆ ಒಳ್ಳೆಯ ಶಾಕ್ ಕೂತರೆ ಆಗುಂಬೆಯ 14 ತಿರುವುಗಳಲ್ಲಿ ಅದು ಬೇರೆಯೇ ಗಾಡಿ ಆಗುತ್ತದೆ. ಆದರೆ ಎಷ್ಟು ತಗ್ಗುತ್ತದೆ, ಎಷ್ಟು ಕ್ಲಿಕ್ ಉಂಟು ಅಂತ ಲೆಕ್ಕ ಹಾಕುವ ಮೊದಲು ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳಿ. ನಮ್ಮ ಕರಾವಳಿಯ ರಸ್ತೆಗೆ ಅದೇ ಮೊದಲ ಪ್ರಶ್ನೆ.

6 ಕೆ.ಜಿ. ಸ್ಪ್ರಿಂಗ್ ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು 6 ಕೆ.ಜಿ. ಭಾರ ಬೇಕು. ಪೋಲೊದ ಎದುರಿನ ಒಂದೊಂದು ಸ್ಪ್ರಿಂಗ್ ಮೇಲೆ ಸುಮಾರು 300 ಕೆ.ಜಿ. ಕೂತಿದೆ ಅಂತ ಇಟ್ಟುಕೊಳ್ಳಿ. ಈ ಗಾತ್ರದ ಹ್ಯಾಚ್‌ಬ್ಯಾಕ್‌ಗಳಿಗೆ ಕಂಪನಿ ಹಾಕುವ ಸ್ಪ್ರಿಂಗ್ ಸಾಮಾನ್ಯವಾಗಿ 2ರಿಂದ 2.5 ಕೆ.ಜಿ. ಆಸುಪಾಸು. 2.2 ಅಂತ ಹಿಡಿದರೆ, ಗಾಡಿ ಸುಮ್ನೆ ನಿಂತಿರುವಾಗ ಆ ಸ್ಪ್ರಿಂಗ್ 136 ಮಿ.ಮೀ. ಒತ್ತಿಕೊಂಡಿರುತ್ತದೆ. 6 ಕೆ.ಜಿ.ಯದ್ದು ಒತ್ತಿಕೊಳ್ಳುವುದು ಬರೀ 50. ಈಗ ಚಕ್ರ ಹೊಂಡಕ್ಕೆ ಇಳಿಯಿತು ಅನ್ನಿ. ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳಿ ನೆಲಕ್ಕೆ ಹಿಡಿದಿಡಬೇಕು. ಗಟ್ಟಿ ಸ್ಪ್ರಿಂಗ್‌ಗೆ 50 ಮಿ.ಮೀ. ಆದ ಮೇಲೆ ತಳ್ಳಲು ಶಕ್ತಿಯೇ ಉಳಿದಿರುವುದಿಲ್ಲ, ಚಕ್ರ ಗಾಳಿಯಲ್ಲಿ ನೇತಾಡುತ್ತದೆ, ಆಮೇಲೆ ಹೊಂಡದ ಆಚೆ ದಡಕ್ಕೆ ಹೋಗಿ ಬಡಿಯುತ್ತದೆ. ಮಳೆಗಾಲದಲ್ಲಿ ಕೂಳೂರು ಸೇತುವೆ ದಾಟಿ ದಿನಾ ಓಡಾಡುವವರು ನೀವು, ಆ ಬಡಿತ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಲೆಕ್ಕವೂ ಉಂಟು. ಸ್ಪ್ರಿಂಗ್ ಮೇಲೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎನ್ನುವುದು. 2.2 ಕೆ.ಜಿ.ಗೆ ಅದು ಸುಮಾರು 1.35 ಸಲ, 4 ಕೆ.ಜಿ.ಗೆ 1.8 ಸಲ, 6 ಕೆ.ಜಿ.ಗೆ 2.2 ಸಲ. ಮನೆಮಂದಿ ಕೂರುವ ಕಾರುಗಳು 1ರಿಂದ 1.5ರೊಳಗೆ ಇರುತ್ತವೆ, ಚುರುಕಿನ ರಸ್ತೆ ಗಾಡಿಗಳು 1.5ರಿಂದ 2. ಎರಡು ದಾಟಿದರೆ ಅದು ರೇಸ್ ಟ್ರ್ಯಾಕ್‌ನ ಲೋಕ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ತಿಂಗಳಿಗೆ ಎರಡು ಸಲ ಹೋಗುವವರಾದರೆ 6 ಇರಲಿ ಅನ್ನುತ್ತಿದ್ದೆ. ನೀವು ಹೋಗುವುದು ಹಂಪನಕಟ್ಟೆಗೆ.

ಇನ್ನು 40 ಮಿ.ಮೀ. ತಗ್ಗಿಸುವ ವಿಷಯ. ಪೋಲೊದ ಎದುರು ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕೇ ಕಂಬದ ಹಾಗೆ ಚಕ್ರವನ್ನು ಹಿಡಿದು ನಿಲ್ಲಿಸುವ ಜೋಡಣೆ. ಗಾಡಿ ಕಂಪನಿ ಎತ್ತರದಲ್ಲಿ ಇರುವಾಗ ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ತಳಕ್ಕೆ ಸೇರಿಸುವ ತೋಳು) ಒಳಗಿನಿಂದ ಚಕ್ರದ ಕಡೆಗೆ ಸ್ವಲ್ಪ ಕೆಳಗೆ ಇಳಿದಿರುತ್ತದೆ, ಇಲ್ಲವೇ ಹೆಚ್ಚುಕಮ್ಮಿ ನೇರ ಇರುತ್ತದೆ. ಜಾಸ್ತಿ ತಗ್ಗಿಸಿದರೆ ಅದು ಚಕ್ರದ ಕಡೆಗೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಆಗ ಏನಾಗುತ್ತದೆ ಅಂದರೆ, ಗಾಡಿಯ ಭಾರದ ಕೇಂದ್ರ 40 ಇಳಿದರೆ, ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗಿ ಗಾಡಿಗೆ ವಾಲುವ ಆಸೆಯೂ ಹೆಚ್ಚುತ್ತದೆ. ತಗ್ಗಿಸಿದ್ದು ವಾಲಬಾರದು ಅಂತ, ಆಗುವುದು ಉಲ್ಟಾ. ಅದನ್ನು ಮುಚ್ಚಲು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಜೊತೆಗೆ ಹೊಂಡ ದಾಟುವಾಗ ಸ್ಟಿಯರಿಂಗ್ ತಾನಾಗಿಯೇ ಎಳೆಯುವುದೂ ಶುರುವಾಗುತ್ತದೆ, ಯಾಕೆಂದರೆ ಸ್ಟಿಯರಿಂಗ್ ರಾಡ್‌ನ ಕೋನವೂ ಆರ್ಮ್‌ನ ಕೋನವೂ ಈಗ ಒಂದಕ್ಕೊಂದು ಹೊಂದುವುದಿಲ್ಲ.

ಹಂಪ್ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟುವಂತೆ. ನಮ್ಮ ಒಳರಸ್ತೆಗಳಲ್ಲಿ ಅಷ್ಟೇ ಎತ್ತರವನ್ನು ಮೂರು ಅಡಿಯೊಳಗೆ ಎಬ್ಬಿಸಿರುತ್ತಾರೆ, ಬಣ್ಣವೂ ಬಳಿದಿರುವುದಿಲ್ಲ. ತಗ್ಗಿದ ಗಾಡಿಯ ಹೊಟ್ಟೆ ಮೊದಲು ಕೆರೆಯುವುದು ಅಲ್ಲೇ.

ಹಾಗಾದರೆ ಯಾವುದು ತಗೊಳ್ಳಬೇಕು? ಎದುರು 3.5ರಿಂದ 4 ಕೆ.ಜಿ.ಯೊಳಗಿನ ಸ್ಪ್ರಿಂಗ್ ಇರುವುದನ್ನು ನೋಡಿ. ತಗ್ಗಿಸುವುದು 15, ಹೆಚ್ಚೆಂದರೆ 20 ಮಿ.ಮೀ. ಕ್ಲಿಕ್ ಇಲ್ಲದ ಸೆಟ್ ಆದರೂ ಬೇಸರ ಬೇಡ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯು ವೇರಿಯಂಟ್ 1 ಇವೆರಡರಲ್ಲೂ ಎತ್ತರ ಮಾತ್ರ ಬದಲಾಯಿಸಬಹುದು, ಶಾಕ್‌ನ ಬಿಗಿಯನ್ನು ಆ ಸ್ಪ್ರಿಂಗ್‌ಗೆ ಸರಿಯಾಗಿ ಕಂಪನಿಯವರೇ ಕೂರಿಸಿರುತ್ತಾರೆ. ಗೊತ್ತಿರುವವರು ಕೂರಿಸಿದ ಒಂದು ಬಿಗಿ ಸಾಕು, ಯಾರೂ ಕೂರಿಸದ 32 ಕ್ಲಿಕ್‌ಗಿಂತ ನನಗೆ ಅದೇ ಇಷ್ಟ. ಅಗ್ಗದ ಸೆಟ್‌ಗಳಲ್ಲಿ 32ರಲ್ಲಿ ಮೊದಲ ಹತ್ತರೊಳಗೂ ಕೊನೆಯ ಹತ್ತರೊಳಗೂ ಒಂದು ಕ್ಲಿಕ್‌ಗೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ನಡುವೆ ನಾಲ್ಕೈದು ಕ್ಲಿಕ್ ಮಾತ್ರ ಕೆಲಸ ಮಾಡುತ್ತವೆ. ಇಂಥದ್ದನ್ನು ಕೈಯಾರೆ ತಿರುಗಿಸಿ ನೋಡಿದ್ದೇನೆ.

ಪೋಲೊದ ಹಿಂಭಾಗದಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ಇರುತ್ತದೆ. ಸೆಟ್‌ನಲ್ಲಿ ಹಿಂದಿನದಕ್ಕೆ ಬರುವುದು ಸ್ಪ್ರಿಂಗ್ ಕೆಳಗೋ ಮೇಲೋ ಕೂರುವ ಥ್ರೆಡ್ ಇರುವ ಒಂದು ತಟ್ಟೆ ಮತ್ತು ಬೇರೆಯದೇ ಶಾಕ್. ಡಬ್ಬಿ ಬಿಚ್ಚಿದಾಗ ಇದೇನು ಅರ್ಧ ಸೆಟ್ ಕಳಿಸಿದ್ದಾರೆ ಅಂತ ಗಾಬರಿ ಆಗಬೇಡಿ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ. 62 ಸಾವಿರ ಓಡಿದ ಗಾಡಿಯ ಟಾಪ್ ಮೌಂಟ್, ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ನೋಡಿಸಿ. ನಮ್ಮ ರಸ್ತೆಯಲ್ಲಿ ಅಷ್ಟರಲ್ಲಿ ಅವು ಸವೆದಿರುತ್ತವೆ. ಸವೆದ ಬುಷ್ ಮೇಲೆ ಹೊಸ ಕಾಯಿಲೋವರ್ ಹಾಕಿದರೆ ಟಕ ಟಕ ಶಬ್ದ ಬರುತ್ತದೆ, ಬೈಗುಳ ಹೊಸ ಸೆಟ್‌ಗೆ ಬೀಳುತ್ತದೆ. ಹಾಕಿಸುವ ದಿನ ನೀವು ಪಕ್ಕದಲ್ಲೇ ನಿಂತಿರಿ. ಲೋವರ್ ಆರ್ಮ್‌ನ ಬೋಲ್ಟ್‌ಗಳನ್ನು ಕೊನೆಯ ಬಿಗಿ ಮಾಡುವುದು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ. ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿಬಿಟ್ಟರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಕೆಲವು ತಿಂಗಳಲ್ಲಿ ಹರಿಯುತ್ತದೆ. ಇದೊಂದನ್ನು ಬಹಳ ಕಡೆ ಮರೆಯುತ್ತಾರೆ.

ಪ್ರಶ್ನೆ: ಮೊನೊಟ್ಯೂಬ್ ಒಳ್ಳೆಯದಾ, ಟ್ವಿನ್‌ಟ್ಯೂಬಾ? ಹಾಸ್ಟೆಲಿನಲ್ಲಿ ಇದೇ ಜಗಳ ನಡೀತಿದೆ ಅಣ್ಣ.
(ಮಣಿಪಾಲದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಮೊನೊಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆ ಒಂದು ಕಡೆ, ತೇಲುವ ಒಂದು ಪಿಸ್ಟನ್ ಅಡ್ಡ, ಅದರಾಚೆ ಹೆಚ್ಚು ಒತ್ತಡದ ನೈಟ್ರೋಜನ್. ಎಣ್ಣೆ ಇರುವ ಕೊಳವೆಯ ಮೈ ನೇರ ಹೊರಗಿನ ಗಾಳಿಗೆ ಇರುವುದರಿಂದ ಎಣ್ಣೆ ಬೇಗ ತಣ್ಣಗಾಗುತ್ತದೆ, ಪಿಸ್ಟನ್ ದೊಡ್ಡದು ಇಡಬಹುದು, ಸಣ್ಣ ಅಲುಗಾಟಕ್ಕೂ ತಕ್ಷಣ ಸ್ಪಂದಿಸುತ್ತದೆ. ಆದರೆ ಗ್ಯಾಸ್‌ಗೂ ಅದೇ ಕೊಳವೆಯೊಳಗೆ ಜಾಗ ಬೇಕಲ್ಲ, ಹಾಗಾಗಿ ಅಷ್ಟೇ ಉದ್ದದ ಶಾಕ್‌ನಲ್ಲಿ ರಾಡ್ ಓಡಾಡುವ ದೂರ ಕಮ್ಮಿ. ಹೊರಗಿನಿಂದ ಕಲ್ಲು ಬಡಿದು ಕೊಳವೆಗೆ ಗುಳಿ ಬಿದ್ದರೆ ಪಿಸ್ಟನ್ ಸಿಕ್ಕಿಕೊಂಡು ಶಾಕ್ ಹೋಯಿತು. ಟ್ವಿನ್‌ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ. ಹೊರಗಿನದು ನಜ್ಜಾದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ, ಓಡಾಟದ ದೂರ ಜಾಸ್ತಿ, ಬೆಲೆಯೂ ಕಮ್ಮಿ. ಜಪಾನಿನ ಟೀನ್‌ನವರ ಫ್ಲೆಕ್ಸ್ ಝಡ್ ಟ್ವಿನ್‌ಟ್ಯೂಬೇ, ಅದರಲ್ಲಿ 16 ಹಂತ ಇವೆ.

ಮಣಿಪಾಲದಿಂದ ಹೆಬ್ರಿ ದಾರಿಯಲ್ಲಿ ಓಡಿಸುವ ಗಾಡಿಗೆ ನಾನಾದರೆ ಒಳ್ಳೆಯ ಟ್ವಿನ್‌ಟ್ಯೂಬ್ ಆರಿಸುತ್ತೇನೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ ಎಣ್ಣೆ ಕಾಯಿಸುವವರಿಗೆ ಮೊನೊಟ್ಯೂಬ್. ಅಗ್ಗದ ಮೊನೊಟ್ಯೂಬ್‌ಗಿಂತ ಸರಿಯಾಗಿ ಮಾಡಿದ ಟ್ವಿನ್‌ಟ್ಯೂಬ್ ಎಷ್ಟೋ ಮೇಲು ಅಂತ ಹಾಸ್ಟೆಲಿನಲ್ಲಿ ಹೇಳಿ.

ಪ್ರಶ್ನೆ: ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ಇನ್ನೂರು ಮೀಟರ್ ಇಲ್ಲ. ಬೈಕಿನ ಚೈನ್ ವರ್ಷಕ್ಕೊಂದು ಬೇಕು. ಇಲ್ಲಿ ಕಾಯಿಲೋವರ್ ಬಾಳಿಕೆ ಬರುತ್ತದಾ?
(ಕಾಪುವಿನಿಂದ ಓದುಗರು)

ಉತ್ತರ: ಇದಕ್ಕೆ ನಾನು ಅನುಭವಿಸಿದ್ದನ್ನೇ ಹೇಳಬೇಕು. ಮಲ್ಪೆ ಹತ್ತಿರ ಬಾಡಿಗೆ ಮನೆಯಲ್ಲಿ ಇದ್ದಾಗ ನನ್ನ ಹ್ಯಾಚ್‌ಬ್ಯಾಕ್‌ಗೆ ಒಂದು ಸೆಟ್ ಹಾಕಿಸಿದ್ದೆ. ಕಬ್ಬಿಣದ ಮೈ, ಅದರ ಮೇಲೆ ಕೆಂಪು ಬಣ್ಣದ ಅಲ್ಯೂಮಿನಿಯಂ ಕಾಲರ್. ನೋಡಲು ಬಹಳ ಚಂದ. ಒಂದೇ ಮಳೆಗಾಲ. ದೀಪಾವಳಿ ಹೊತ್ತಿಗೆ ಎದುರು ಸ್ವಲ್ಪ ಎತ್ತರಿಸೋಣ ಅಂತ ಚಕ್ರ ಬಿಚ್ಚಿದರೆ ಕಾಲರ್‌ನ ಅಂಚಿನಲ್ಲೆಲ್ಲ ಅಡುಗೆ ಸೋಡಾದ ಹಾಗೆ ಬಿಳಿ ಪುಡಿ ಉಕ್ಕಿತ್ತು. ಸಿ ಆಕಾರದ ಸ್ಪ್ಯಾನರ್ ಹಾಕಿ ಇಬ್ಬರು ಎಳೆದೆವು. ಕಾಲರ್‌ನ ಹಲ್ಲು ಮುರಿಯಿತೇ ಹೊರತು ಅದು ತಿರುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟೆವು, ಬೆಳಿಗ್ಗೆಯೂ ಅಷ್ಟೇ. ಕೊನೆಗೆ ಗ್ರೈಂಡರ್ ಹಿಡಿದು ಕಾಲರ್ ಕತ್ತರಿಸಬೇಕಾಯಿತು, ಜೊತೆಗೆ ಥ್ರೆಡ್ಡೂ ಹೋಯಿತು. ದುಡ್ಡು ಕೂಡಿಟ್ಟು ತೆಗೆದುಕೊಂಡ ಸೆಟ್ ಅದು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾರಣ ಏನೆಂದರೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ, ನಡುವೆ ಉಪ್ಪು ನೀರು ಸೇರಿದರೆ ಬ್ಯಾಟರಿಯ ಹಾಗೆ ಕರೆಂಟ್ ಹರಿಯುತ್ತದೆ, ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಬಿಳಿ ಪುಡಿ ಅಂದರೆ ಅದೇ. ಹಾಗಾಗಿ ನೀವು ಬೇರೆ ಎಲ್ಲದಕ್ಕಿಂತ ಮೊದಲು ನೋಡಬೇಕಾದ್ದು ಮೈ ಯಾವುದರದ್ದು, ಕಾಲರ್ ಯಾವುದರದ್ದು ಅಂತ. ಕೆಡಬ್ಲ್ಯುನವರು ಸ್ಟೇನ್‌ಲೆಸ್ ಸ್ಟೀಲ್ ಮೈ, ಗಟ್ಟಿ ಪ್ಲಾಸ್ಟಿಕ್‌ನ ಕಾಲರ್ ಕೊಡುತ್ತಾರೆ. ಸಮುದ್ರದ ಪಕ್ಕದವರಿಗೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥ ಅಲ್ಲ.

ಹಾಕಿಸಿದ ಮೇಲೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಚಕ್ರ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ನೈಲಾನ್ ಬ್ರಷ್‌ನಲ್ಲಿ ಥ್ರೆಡ್ ಉಜ್ಜಿ, ಚೆನ್ನಾಗಿ ಒಣಗಿಸಿ, ಮೇಣದಂತೆ ಒಣಗಿ ಕೂರುವ ತುಕ್ಕು ನಿರೋಧಕ ಹೊಡೆಯಿರಿ. ಗ್ರೀಸ್ ಬೇಡವೇ ಬೇಡ. ಮರಳು, ಕೆಂಪು ಮಣ್ಣು ಎಲ್ಲ ಅದಕ್ಕೆ ಅಂಟಿಕೊಂಡು ಥ್ರೆಡ್ಡನ್ನು ಅರದ ಹಾಗೆ ತಿನ್ನುತ್ತದೆ. ನವರಾತ್ರಿ ಹೊತ್ತಿಗೆ ಇನ್ನೊಮ್ಮೆ ಅದನ್ನೇ ಮಾಡಿ, ಕಾಲರನ್ನು ಅರ್ಧ ಸುತ್ತು ತಿರುಗಿಸಿ ವಾಪಸ್ ಅದೇ ಜಾಗಕ್ಕೆ ತನ್ನಿ. ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಜಾಗ ತಪ್ಪುವುದಿಲ್ಲ. ಇನ್ನೊಂದು, ಬೀಚಿನ ಮರಳಿಗೆ ಗಾಡಿ ಇಳಿಸಬೇಡಿ.

ಪ್ರಶ್ನೆ: ಆರು ತಿಂಗಳ ಹಿಂದೆ ಕಾಯಿಲೋವರ್ ಹಾಕಿಸಿದೆ. ಮಂಗಳೂರಿನ ಕಾಂಕ್ರೀಟ್ ರಸ್ತೆಯಲ್ಲಿ ಜಾಯಿಂಟ್ ಮೇಲೆ ಜಾಯಿಂಟ್ ಬಂದಾಗ ಗಾಡಿ ಕುದುರೆಯ ಹಾಗೆ ಕುಣಿಯುತ್ತದೆ. ಅಮ್ಮ ಹಿಂದೆ ಕೂತರೆ ಸೊಂಟ ಹಿಡಿಯಿತು ಅಂತಾರೆ. ತೆಗೆಸಿಬಿಡಲಾ?
(ಕಾರ್ಕಳದಿಂದ ಓದುಗರು)

ಉತ್ತರ: ತೆಗೆಸುವ ಮೊದಲು ಎರಡು ಭಾನುವಾರ ಕೊಡಿ.

ಮೊದಲನೆಯದಾಗಿ ಶಾಕ್‌ನ ರಾಡ್‌ಗೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಡಸ್ಟ್ ಕವರ್ ಎತ್ತಿದರೆ ಜಾಗ ಸಿಗುತ್ತದೆ. ಜಾರುವಷ್ಟು ಸಡಿಲ ಇರಲಿ, ತಾನಾಗಿ ಬೀಳುವಷ್ಟು ಅಲ್ಲ. ಅದನ್ನು ಶಾಕ್‌ನ ಮೈವರೆಗೆ ಇಳಿಸಿ, ಅಮ್ಮನನ್ನು ಕೂರಿಸಿಕೊಂಡು ಮೂಡುಬಿದಿರೆವರೆಗೆ ಹೋಗಿ ಬನ್ನಿ. ಬಂದು ನೋಡಿ. ಟೈ ಮೇಲಕ್ಕೆ ಸರಿದು ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒತ್ತಿಹೋಗದಂತೆ ತಡೆಯುವ ರಬ್ಬರ್) ಹೋಗಿ ಒತ್ತಿಕೊಂಡಿದ್ದರೆ, ನಿಮ್ಮ ಗಾಡಿ ಸ್ಪ್ರಿಂಗ್ ಬಿಟ್ಟು ಆ ರಬ್ಬರ್ ತುಂಡಿನ ಮೇಲೆ ಓಡುತ್ತಿದೆ ಅಂತ ಅರ್ಥ. ಹಿಂದೆ ಜನ ಕೂತಾಗ ಇದು ಜಾಸ್ತಿ. ಆಗ ಹಿಂಭಾಗವನ್ನು 10ರಿಂದ 15 ಮಿ.ಮೀ. ಎತ್ತರಿಸಿದರೆ ಗಾಡಿ ಮೆತ್ತಗಾಗುತ್ತದೆ. ಎತ್ತರಿಸಿದರೆ ಗಟ್ಟಿ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಇಲ್ಲಿ ಹಾಗಲ್ಲ. ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಚಕ್ರದ ನಡುವಿನಿಂದ ಫೆಂಡರ್‌ನ ಅಂಚಿನವರೆಗೆ ಟೇಪ್ ಹಿಡಿಯಿರಿ.

ಆಮೇಲೆ ಕ್ಲಿಕ್‌ಗೆ ಬನ್ನಿ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ಶಾಕ್ ವಾಪಸ್ ಬಿಚ್ಚಿಕೊಳ್ಳುವುದಕ್ಕೆ ಬಿಗಿ ಜಾಸ್ತಿ ಇಟ್ಟಿದ್ದಾರೆ ಅನ್ನಿಸುತ್ತದೆ. ಮೊದಲ ಜಾಯಿಂಟ್‌ನಲ್ಲಿ ಚಕ್ರ ಮೇಲೆ ಹೋಯಿತು, ಕೆಳಗೆ ಬರುವಷ್ಟರಲ್ಲಿ ಎರಡನೆಯದು ಬಂತು, ಮತ್ತೆ ಮೇಲೆ. ಹೀಗೆ ನಾಲ್ಕು ಜಾಯಿಂಟ್ ಆಗುವಷ್ಟರಲ್ಲಿ ಗಾಡಿ ಕೆಳಗೆ ಕೂತುಬಿಟ್ಟಿರುತ್ತದೆ, ಐದನೆಯದಕ್ಕೆ ಬಡಿತ. ಎಲ್ಲ ತಿರುಪುಗಳನ್ನೂ ಪೂರ್ತಿ ಬಿಗಿಯಾಗುವವರೆಗೆ ಮೆಲ್ಲ ತಿರುಗಿಸಿ, ಜೋರು ಮಾಡಬೇಡಿ, ಒಳಗಿನ ಸೂಜಿ ಕೆಡುತ್ತದೆ. ಅಲ್ಲಿಂದ ವಾಪಸ್ ಎಣಿಸಿ ಅರ್ಧಕ್ಕೆ ತನ್ನಿ. ಎಡ ಬಲ ಒಂದೇ ಲೆಕ್ಕ ಇರಲಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿ, ಒಂದೇ ಮೂರು ಕಿಲೋಮೀಟರ್ ರಸ್ತೆ ಆರಿಸಿ, ಒಂದೇ ವೇಗದಲ್ಲಿ ಓಡಿಸಿ. ಪ್ರತಿ ಸಲವೂ ಹಿಂದಿನ ಚಕ್ರಗಳದ್ದು ಮಾತ್ರ ಎರಡು ಕ್ಲಿಕ್ ಸಡಿಲ ಮಾಡಿ ಮತ್ತೆ ಓಡಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ಹಂಪ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಾಡಿದರೆ ಸಡಿಲ ಜಾಸ್ತಿ ಆಯಿತು ಅಂತ, ಎರಡು ಕ್ಲಿಕ್ ಹಿಂದೆ ಬನ್ನಿ. ಹಿಂದಿನದು ಸರಿ ಬಂದ ಮೇಲೆಯೇ ಎದುರಿನದಕ್ಕೆ ಕೈ ಹಾಕಿ.

ಇಷ್ಟು ಮಾಡಿಯೂ ಅಮ್ಮನಿಗೆ ನೋವಾದರೆ ಹಿಂದಿನ ಸ್ಪ್ರಿಂಗೇ ಗಟ್ಟಿ. ಕ್ಲಿಕ್‌ನಿಂದ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ. ಸ್ಪ್ರಿಂಗ್ ಮಾತ್ರ ಕಮ್ಮಿ ಕೆ.ಜಿ.ಯದ್ದು ಬದಲಾಯಿಸಬಹುದು, ಪೂರ್ತಿ ಸೆಟ್ ತೆಗೆಯಬೇಕಾಗಿಲ್ಲ.

ಪ್ರಶ್ನೆ: ವಾರಕ್ಕೊಮ್ಮೆ ಕಾಸರಗೋಡಿಗೆ ಹೋಗುತ್ತೇನೆ. ತಲಪಾಡಿ ದಾಟಿದ ಮೇಲೆ ಕೇರಳದವರು ಕಾಯಿಲೋವರ್ ನೋಡಿ ಹಿಡಿದರೆ?
(ತೊಕ್ಕೊಟ್ಟಿನಿಂದ ಓದುಗರು)

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಅನುಮತಿ ಇಲ್ಲದ ಬದಲಾವಣೆಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇವೆ. ಕೇರಳದವರು ಈ ವಿಷಯದಲ್ಲಿ ಗಟ್ಟಿ. ಆದ್ದರಿಂದ ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ, ಉತ್ತರವನ್ನು ಕಾಗದದಲ್ಲೇ ತಗೊಳ್ಳಿ. ಗ್ಯಾರೇಜಿನವರ 'ಏನೂ ಆಗಲ್ಲ ಸರ್' ಎಂಬ ಮಾತು ತಲಪಾಡಿಯಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಊರು ಕಿನ್ನಿಗೋಳಿ, ಕೆಲಸ ದುಬೈಯಲ್ಲಿ. ಇಲ್ಲಿ ಒಂದು ಮಜ್ದಾ ಎಂಎಕ್ಸ್-5 ತಗೊಂಡಿದ್ದೇನೆ. ನಿಮ್ಮ ಕೆ.ಜಿ. ಲೆಕ್ಕ ಇದಕ್ಕೂ ಆಗುತ್ತದಾ?

ಉತ್ತರ: ನೇರವಾಗಿ ಆಗುವುದಿಲ್ಲ, ಅದಕ್ಕೇ ನಿಮ್ಮ ಪತ್ರ ಆರಿಸಿದ್ದು. ಪೋಲೊದ ಸ್ಟ್ರಟ್ ಚಕ್ರದ ಜೊತೆ ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ ಚಲಿಸುತ್ತದೆ. ಎಂಎಕ್ಸ್-5ರ ಎದುರು ಡಬಲ್ ವಿಷ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್, ಶಾಕ್ ಆರ್ಮ್‌ನ ಒಳಭಾಗದಲ್ಲಿ ಕೂತಿರುತ್ತದೆ. ಚಕ್ರ 10 ಮಿ.ಮೀ. ಎದ್ದಾಗ ಶಾಕ್ 7 ಮಿ.ಮೀ. ಒತ್ತಿಕೊಂಡರೆ, ಚಕ್ರಕ್ಕೆ ಸಿಗುವ ಬಿಗಿ 0.7 ಗುಣಿಸು 0.7, ಅಂದರೆ ಸ್ಪ್ರಿಂಗ್‌ನ ಅರ್ಧ ಮಾತ್ರ. ಆದ್ದರಿಂದ ಆ ಗಾಡಿಗೆ 6 ಕೆ.ಜಿ. ಅಂತ ಬರೆದಿದ್ದರೆ ಚಕ್ರಕ್ಕೆ ತಲುಪುವುದು 3ರ ಹತ್ತಿರ. ಹಗುರ ಗಾಡಿಗೆ ಅದೂ ಚುರುಕೇ, ಆದರೆ ಪೋಲೊದ 6ರಷ್ಟು ಕ್ರೂರ ಅಲ್ಲ. ನಿಮ್ಮದು ನಾಲ್ಕೂ ಚಕ್ರಕ್ಕೆ ನಿಜವಾದ ಕಾಯಿಲೋವರ್ ಕೂರುವ ಗಾಡಿ, ರಸ್ತೆಯೂ ನಯ. ನೀವು 25 ಮಿ.ಮೀ.ವರೆಗೆ ಇಳಿಸಬಹುದು. ಜೆಬೆಲ್ ಹಫೀತ್ ಬೆಟ್ಟ ಹತ್ತುವ 11.7 ಕಿಲೋಮೀಟರ್‌ನಲ್ಲಿ ಅದನ್ನು ಓಡಿಸುವ ಭಾಗ್ಯ ನಿಮ್ಮದು, ಮೊನೊಟ್ಯೂಬ್ ತಗೊಳ್ಳಿ.

ಪ್ರಶ್ನೆ: ಬಿಚ್ಚಿದ ಹಳೆಯ ಶಾಕ್, ಸ್ಪ್ರಿಂಗ್ ಗುಜರಿಗೆ ಹಾಕಲಾ?
(ಉಡುಪಿಯಿಂದ ಓದುಗರು)

ಉತ್ತರ: ಬೇಡ. ಗಾಡಿ ಮಾರುವ ದಿನ ಅವು ಬೇಕಾಗುತ್ತವೆ, ಕಾಯಿಲೋವರ್ ರಿಪೇರಿಗೆ ಹೋದಾಗಲೂ ಬೇಕಾಗುತ್ತವೆ. ಎಡದ್ದು ಬಲದ್ದು ಅಂತ ಚೀಟಿ ಕಟ್ಟಿ, ನಟ್ಟು ಬೋಲ್ಟು ಒಂದು ಡಬ್ಬಿಗೆ ಹಾಕಿಡಿ. ರಾಡ್‌ಗೆ ತೆಳುವಾಗಿ ಎಣ್ಣೆ ಸವರಿ, ಹಳೆಯ ಪೇಪರಿನಲ್ಲಿ ಸುತ್ತಿ, ಅಟ್ಟದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಅಡ್ಡ ಮಲಗಿಸಿದರೆ ಟ್ವಿನ್‌ಟ್ಯೂಬ್‌ನ ಒಳ ಕೊಳವೆಗೆ ಗಾಳಿ ಸೇರಿಕೊಳ್ಳುತ್ತದೆ. ಹಾಗೆ ಆಗಿದ್ದರೆ ಮತ್ತೆ ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಗುಳುಗುಳು ಶಬ್ದ ನಿಲ್ಲುವವರೆಗೆ.